ಪತ್ತನಾಜೆಯ ಶಾಫ್ಟ್

ಬೇಸಿಗೆ ಮುಗಿಯುವ ಪತ್ತನಾಜೆಯ ದಿನ ಬೆಳಿಗ್ಗೆ ಕಿನ್ನಿ ಗಟ್ಟಿ ಎಂಬ ಎಲೆಕಡುಬಿಗೆ ಹಲಸಿನ ಹಣ್ಣು ಬಿಡಿಸುತ್ತಿದ್ದಳು. ಗಂಡ ದುಗ್ಗಪ್ಪ ಅಂಗಳಕ್ಕಿಳಿದು ಆಕಾಶ ನೋಡಿದ. ಒಂದು ಮೋಡವೂ ಇರಲಿಲ್ಲ.

"ಮಳೆ ಬರುವ ಮುಂಚೆ ಲಾರಿಗೆ ಶಾಫ್ಟ್ ಹಾಕಿ ಬರ್ತೇನೆ ಕಿನ್ನಿ. ಅರ್ಧ ಗಂಟೆಯ ಕೆಲಸ."

"ನಿಮ್ಮ ಅರ್ಧ ಗಂಟೆ ನನಗೆ ಗೊತ್ತುಂಟು. ಗಟ್ಟಿ ಬೇಯುವಾಗ ಹೋಗ್ತೀರಿ, ಹಳಸುವಾಗ ಬರ್ತೀರಿ. ನಾಳೆ ಹಾಕಿ. ಮಳೆ ಎಂತ ಬಾಗಿಲಿಗೆ ಬಂದು ಕೂತಿದೆಯಾ?"

ದುಗ್ಗಪ್ಪ ನಕ್ಕು ಜಗಲಿಯಲ್ಲಿ ಕೂತ. ತೇಗದ ಎಲೆ ಬಿಡಿಸಿ ನಾಲ್ಕು ಗಟ್ಟಿ ತಿಂದ. ಮಧ್ಯಾಹ್ನ ಮಲಗಿದ. ಸಂಜೆ ಬಾವಿಕಟ್ಟೆಯಲ್ಲಿ ಕೂತು ಹಳೆಯ ಸುದ್ದಿಯೆಲ್ಲ ತೆಗೆದ. ಅವನು ಇಡೀ ದಿನ ಮನೆಯಲ್ಲಿದ್ದದ್ದು ಆ ವರ್ಷ ಅದೊಂದೇ ದಿನ.

ಮೊದಲು ಅವನು ಬೈಕಂಪಾಡಿಯಲ್ಲಿ ಕೋಣ ಕಟ್ಟಿ ಉಳುತ್ತಿದ್ದವನು. ಆಮೇಲೆ ಗ್ಯಾರೇಜು ಸೇರಿ ಫಿಟ್ಟರ್ ಆದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಗ್ಯಾರೇಜಿನ ಧಣಿಗಳು ಹೆಂಚು ಸಾಗಿಸಲಿಕ್ಕೆ ಮಿಲಿಟರಿಯವರು ಮಾರಿದ ಲಾರಿಯೊಂದನ್ನು ತಂದರು. ಅದರ ಇಂಜಿನಿನ ಬಲ ನಾಲ್ಕೂ ಚಕ್ರಕ್ಕೆ ಹೋಗುತ್ತಿತ್ತು. ಅಂಥದ್ದನ್ನು ದುಗ್ಗಪ್ಪ ನೋಡಿರಲಿಲ್ಲ. ಒಂದು ಭಾನುವಾರ ಹೆಂಡತಿಯನ್ನೂ ಕರೆದುಕೊಂಡು ಹೋಗಿ ಲಾರಿಯ ಹಿಂಭಾಗವನ್ನು ಜಾಕಿಯ ಮೇಲೆ ಎತ್ತಿದ.

"ಈ ಚಕ್ರ ತಿರುಗಿಸು."

ಕಿನ್ನಿ ಮುಂದಕ್ಕೆ ತಿರುಗಿಸಿದಳು. ಆಚೆಯ ಚಕ್ರ ಹಿಂದಕ್ಕೆ ತಿರುಗಿತು. ಅವಳು ಕೈ ಬಿಟ್ಟಳು.

"ಇದೆಂತ, ನಾನು ಹೇಳಿದ್ದಕ್ಕೆ ಉಲ್ಟಾ ಹೋಗ್ತದೆ? ನಿಮ್ಮದೇ ಬುದ್ಧಿ."

"ನಡುವೆ ಡಿಫರೆನ್ಶಿಯಲ್ ಅಂತ ಉಂಟು, ಮಾರಾಯ್ತಿ. ಗದ್ದೆಯ ಮೂಲೆಯಲ್ಲಿ ಕೋಣ ತಿರುಗಿಸುವಾಗ ಹೊರಗಿನದಕ್ಕೆ ನಡಿಗೆ ಹೆಚ್ಚು, ಒಳಗಿನದಕ್ಕೆ ಕಡಿಮೆ. ಚಕ್ರಕ್ಕೂ ಹಾಗೆಯೇ. ಅದನ್ನು ಪಾಲು ಮಾಡಿ ಕೊಡುವುದು ಇದು."

"ಪಾಲು ಸರಿ ಮಾಡ್ತದಾ?"

"ಒಂದು ಕೆಟ್ಟ ಗುಣ ಉಂಟು. ಒಂದು ಚಕ್ರ ಕೆಸರಲ್ಲಿ ಜಾರಿದರೆ ಓಟ ಎಲ್ಲ ಅದಕ್ಕೇ. ನೆಲ ಹಿಡಿದ ಚಕ್ರ ಸುಮ್ಮನೆ ನಿಲ್ತದೆ."

"ದುಡಿಯುವವನಿಗೆ ಇಲ್ಲ, ಕುಣಿಯುವವನಿಗೆ ಎಲ್ಲ" ಎಂದಳು ಕಿನ್ನಿ. ಆ ಮಾತನ್ನು ಅವನು ಗ್ಯಾರೇಜಿನವರಿಗೆಲ್ಲ ಹೇಳಿಕೊಂಡು ತಿರುಗಿದ.

ಮುಂದಿನ ಎರಡು ಚಕ್ರಗಳ ನಡುವೆಯೂ ಅಂಥದ್ದೇ ಒಂದಿತ್ತು. ಆದರೆ ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ಪಾಲು ಮಾಡುವುದು ಏನೂ ಇರಲಿಲ್ಲ. ಒಣ ರಸ್ತೆಯ ತಿರುವಿನಲ್ಲಿ ಅವು ಒಂದನ್ನೊಂದು ಎಳೆದಾಡಿ ಟಯರು ಸವೆಯುತ್ತಿತ್ತು. ಮುಂದಿನ ಜೋಡಿಯನ್ನು ಬಿಡಿಸುವ ಲಿವರ್ ತುಕ್ಕು ಹಿಡಿದು ಕೂತಿತ್ತು. ಅದಕ್ಕೆ ದುಗ್ಗಪ್ಪ ಬೇಸಿಗೆ ಬಂದಾಗ ಮುಂದಿನ ಚಕ್ರಗಳಿಗೆ ಬಲ ಒಯ್ಯುವ ಶಾಫ್ಟನ್ನೇ ಬಿಚ್ಚಿಡುತ್ತಿದ್ದ. ಪತ್ತನಾಜೆಗೆ, ಮಳೆ ಬರುವ ಮುಂಚೆ, ತಿರುಗಿ ಹಾಕುತ್ತಿದ್ದ.

"ಯಕ್ಷಗಾನ ಆಟದವರು ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತಾರೆ, ದುಗ್ಗಪ್ಪಣ್ಣ. ನೀವು ಲಾರಿಗೆ ಗೆಜ್ಜೆ ಕಟ್ತೀರಿ" ಎಂದು ಡ್ರೈವರ್ ವಿಲ್ಲಿ ತಮಾಷೆ ಮಾಡುತ್ತಿದ್ದ.

ಆ ವರ್ಷ ಕಟ್ಟಲಿಲ್ಲ. ಮರುದಿನ ಬೆಳಗಾಗುವಷ್ಟರಲ್ಲಿ ಮಳೆ ಹೊಡೆಯಿತು. ಶಾಫ್ಟ್ ಇಲ್ಲದ ಲಾರಿಗೆ ವಿಲ್ಲಿ ಹೆಂಚು ತುಂಬಿಸಿಕೊಂಡು ಹೊರಟಿದ್ದ. ದೇರೆಬೈಲಿನ ಏರಿನಲ್ಲಿ, ಕಿನ್ನಿಯ ಮನೆಯ ಕೆಳಗೆಯೇ, ಹಿಂದಿನ ಚಕ್ರವೊಂದು ಹೊಂಡಕ್ಕೆ ಬಿದ್ದು ಗಿರಗಿರ ತಿರುಗತೊಡಗಿತು. ಸದ್ದು ಕೇಳಿ ದುಗ್ಗಪ್ಪ ತೆಂಗಿನ ಸಿಪ್ಪೆ ಬಾಚಿಕೊಂಡು ಓಡಿದ. ಚಕ್ರದ ಅಡಿಗೆ ತುರುಕಿದ. ಚಕ್ರ ಸಿಪ್ಪೆ ಹಿಡಿಯಿತು. ಲಾರಿ ಮುಂದಕ್ಕೆ ಹಾರಿ, ನಿಲ್ಲದೆ ಹಿಂದಕ್ಕೆ ಜಾರಿತು. ಹಿಂದೆ, ತಿರುವಿನಲ್ಲಿ, ಗೋಡೆಯಂತೆ ನಿಂತ ಮುರಕಲ್ಲಿನ ದರೆ. ನಡುವೆ ದುಗ್ಗಪ್ಪ.

ದುಗ್ಗಪ್ಪನ ಉತ್ತರಕ್ರಿಯೆಯ ಬೊಜ್ಜ ಕಳೆದ ಮೇಲೆ ವಿಲ್ಲಿ ಬಂದು ಜಗಲಿಯ ತುದಿಯಲ್ಲಿ ಕೂತ. ಕಿನ್ನಿ ಬೆಲ್ಲ, ನೀರು ತಂದಿಟ್ಟಳು. ಅವನು ಮುಟ್ಟಲಿಲ್ಲ.

"ಶಾಫ್ಟ್ ಇದ್ದಿದ್ದರೆ ಆ ಹೊಂಡ ಒಂದು ಲೆಕ್ಕವೇ ಅಲ್ಲ, ಕಿನ್ನಿಯಕ್ಕ. ಹಾಕಿಸದೆ ಹೊರಟದ್ದು ನಾನು."

"ಹಾಕಲಿಕ್ಕೆ ಹೊರಟವರನ್ನು ನಿಲ್ಲಿಸಿದ್ದು ನಾನು. ಗಟ್ಟಿ ತಿನ್ನಲಿಕ್ಕೆ."

ವಿಲ್ಲಿ ತಲೆ ಎತ್ತಿದ. ಅದು ಅವನಿಗೆ ಗೊತ್ತಿರಲಿಲ್ಲ.

"ಹಾಗಾದರೆ ಅರ್ಧ ನನಗಿರಲಿ ಅಕ್ಕ. ಎಲ್ಲ ನೀವೇ ಹೊರಬೇಡಿ."

"ಪಾಲು ಹಾಗೆ ಆಗುವುದಿಲ್ಲ ವಿಲ್ಲಿ. ಜಾರಿದ ಚಕ್ರಕ್ಕೇ ಎಲ್ಲ ಹೋಗ್ತದೆ. ಅವರೇ ಹೇಳಿದ್ದು."

ವಿಲ್ಲಿ ಅತ್ತ. ಕಿನ್ನಿ ಅಳಲಿಲ್ಲ.

"ಈಗ ಶಾಫ್ಟ್ ಹಾಕಿದ್ದೀಯಾ?"

"ಹಾಕಿದ್ದೇನೆ."

"ಇನ್ನು ಬಿಚ್ಚಬೇಡ."

"ಬೇಸಿಗೆಯಲ್ಲಿ ಟಯರು ಸವೆಯುತ್ತದಲ್ಲ?"

"ಸವೆಯಲಿ. ನೀರು ಕುಡಿ."

ಕಿನ್ನಿ ಹಲಸಿನ ಗಟ್ಟಿ ಮಾಡುವುದನ್ನು ಬಿಡಲಿಲ್ಲ. ದುಗ್ಗಪ್ಪನಿಗೆ ಅದು ಇಷ್ಟವಿತ್ತು. ನಾಲ್ಕನೆಯದನ್ನು ಬೇಡ ಬೇಡ ಎನ್ನುತ್ತಲೇ ತಿನ್ನುತ್ತಿದ್ದ.

ಏರಿನ ಹೊಂಡ ಎಷ್ಟು ಮುಚ್ಚಿದರೂ ತಿರುಗಿ ಬೀಳುತ್ತದೆ. ದಿನಾ ಬೆಳಿಗ್ಗೆ, ಮೊದಲ ಲಾರಿ ಬರುವ ಮುಂಚೆ, ಕಿನ್ನಿ ಬುಟ್ಟಿ ಹೊತ್ತು ಕೆಳಗಿಳಿಯುತ್ತಾಳೆ. ಬೇಸಿಗೆಯಲ್ಲಿ ಹೆಂಚಿನ ಚೂರು, ಮಳೆಗಾಲದಲ್ಲಿ ತೆಂಗಿನ ಸಿಪ್ಪೆ. ಹೊಂಡಕ್ಕೆ ಸುರಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಟ್ಟಿಯಾಗುವವರೆಗೆ ಕಾಲಿನಿಂದ ಮೆಟ್ಟುತ್ತಾಳೆ.