ನಾನು ಉಜ್ಜಿ ಅಳಿಸಿದ ಹಡಗು

ಕಾರವಾರದಲ್ಲಿ ನೌಕರಿ ಮಾಡಿದ ವರ್ಷಗಳಲ್ಲಿ ನನ್ನ ಅಣ್ಣನಿಗೆ ಮುಳುಗಿದ ಹಡಗುಗಳ ಹುಚ್ಚು ಹಿಡಿಯಿತು. ಅಲ್ಲಿಂದ ಹೊನ್ನಾವರದವರೆಗೆ ಯಾವ ಹಡಗು ಯಾವ ಬಂಡೆಗೆ ಬಡಿಯಿತು, ಯಾವುದು ಮಳೆಗಾಲದ ಗಾಳಿಗೆ ಸಿಕ್ಕಿತು ಎಂದು ಮುದಿ ಮೀನುಗಾರರನ್ನು ಕೇಳಿ ಕೇಳಿ ಬರೆದುಕೊಂಡ. ನಿವೃತ್ತನಾಗಿ ತಾರ್ನಾಕದ ನನ್ನ ಮನೆಗೆ ಬಂದಾಗ ತಂದದ್ದು ಒಂದು ಚೀಲ ಬಟ್ಟೆ, ಒಂದು ಪೆಟ್ಟಿಗೆ ನೋಟುಬುಕ್ಕು, ಮತ್ತೆ ಬಲೆಗೆ ಸಿಕ್ಕಿದ್ದೆಂದು ಮೀನುಗಾರನೊಬ್ಬ ಕೊಟ್ಟ ಅಂಗೈಯಗಲದ ಹಿತ್ತಾಳೆ ತಗಡು. ಅದನ್ನು ಹಸಿರು ಕಿಲುಬು ಮುಚ್ಚಿತ್ತು.

"ಇದರ ಕೆಳಗ ಹಡಗಿನ ಹೆಸರು ಇರಬೇಕವ್ವಾ. ಬಲ್ಲವರ ಕಡೆ ತೆಗಸ್ತೀನಿ" ಎಂದಿದ್ದ.

ನಾನು ಐದನೆಯವರೆಗೆ ಓದಿದವಳು. ಪಕ್ಕದ ನಾಚಾರಂನ ಕಾರ್ಖಾನೆಯಲ್ಲಿ ಹಿತ್ತಾಳೆ ನಲ್ಲಿಗಳಿಗೆ ಪಾಲಿಶ್ ಮಾಡುವುದು ನನ್ನ ಕೆಲಸ. ಹಿತ್ತಾಳೆ ಬಲ್ಲವರು ನನಗಿಂತ ಬೇರೆ ಯಾರು ಎಂದುಕೊಂಡೆ. ಆಯುಧಪೂಜೆಯ ಹಿಂದಿನ ದಿನ ನಾವೆಲ್ಲ ಮನೆಯ ದೀಪ, ತಂಬಿಗೆ ತಂದು ಪಾಲಿಶ್ ಚಕ್ರಕ್ಕೆ ಹಿಡಿಯುತ್ತೇವೆ. ಅಣ್ಣನಿಗೆ ಹೇಳದೆ ತಗಡನ್ನೂ ಒಯ್ದೆ. ಕಿಲುಬು ಹಾರಿ ಇಂಗ್ಲಿಷ್ ಅಕ್ಷರಗಳು ಎದ್ದವು. ಒಂದು, ಒಂದೇ ಮೆಟ್ಟಿಲಿನ ಏಣಿಯಂತೆ. ಅದರ ಪಕ್ಕದ್ದು ಬಳೆಯಂತೆ. ಇನ್ನೂ ಚೆನ್ನಾಗಿ ಕಾಣಲಿ ಎಂದು ಮತ್ತೊಮ್ಮೆ ಒತ್ತಿ ಹಿಡಿದೆ. ಎತ್ತಿ ನೋಡಿದರೆ ನನ್ನ ಮುಖ ಕಾಣುತ್ತಿತ್ತು.

"ಭಾಳ ಹೊಳ್ಯಾಕತ್ತೈತಲ್ಲ! ಅಕ್ಷರ?" ಎಂದು ಅಣ್ಣ ಸಂಜೆ ಕೇಳಿದ.

"ಏನೂ ಇದ್ದಿಲ್ಲಣ್ಣಾ. ಬರೇ ಕಿಲುಬು."

"ಹೋಗ್ಲಿ ಬಿಡು, ಮಾರಿ ನೋಡ್ಕೊಳ್ಳಾಕ ಆತು" ಎಂದು ಅದನ್ನೇ ಕನ್ನಡಿಯಂತೆ ಹಿಡಿದು ಮೀಸೆ ತಿರುವಿದ. ಬೈದಿದ್ದರೆ ಅವತ್ತೇ ಹೇಳಿಬಿಡುತ್ತಿದ್ದೆನೋ ಏನೋ.

ಆಮೇಲೆ ನಾಲ್ಕು ವರ್ಷ, ಆ ಹಡಗುಗಳ ಪುಸ್ತಕಕ್ಕೆಂದು ಅವನು ಬರೆದದ್ದನ್ನೆಲ್ಲ ನನಗೇ ಮೊದಲು ಓದಿ ಹೇಳಿದ. "ನಿನಗ ತಿಳೀತಂದ್ರ ಎಲ್ಲಾರಿಗೂ ತಿಳೀತೈತಿ" ಎಂದು ಚೇಷ್ಟೆ ಮಾಡುತ್ತಿದ್ದ. ಆ ತಗಡು ಸೇರಿದ್ದ ಹಡಗಿನ ಪುಟ ಬಂದಾಗ "ಹೆಸರು ಗೊತ್ತಿಲ್ಲ" ಎಂದು ಓದುತ್ತಿದ್ದ. ನಾನು ಚಹಾ ಮಾಡಲು ಏಳುತ್ತಿದ್ದೆ.

ಪುಸ್ತಕ ಅಚ್ಚಿಗೆ ಹೋಗುವ ಹಿಂದಿನ ಭಾನುವಾರ ತಡೆಯಲಾಗದೆ ಹೇಳಿದೆ. ಅವನು ಕನ್ನಡಕ ತೆಗೆದು ಕೆಳಗಿಟ್ಟ.

"ಅಳಿಸಿದ್ದಕ್ಕ ಸಿಟ್ಟಿಲ್ಲ. ನಾಕ ವರ್ಷ ಚಾ ಕೊಟ್ಕೋತ ಸುಳ್ಳ ಹೇಳಿದೆಲ್ಲ, ಹುಚ್ಚಿ."

ಪೆನ್ಸಿಲ್ಲು ನನ್ನ ಕೈಗಿಟ್ಟ. "ಕಂಡದ್ದನ್ನ ಬರಿ."

ಏಣಿ ಬರೆದೆ, ಪಕ್ಕದಲ್ಲಿ ಬಳೆ. ಉಳಿದವು ನೆನಪಿಗೆ ಬರಲಿಲ್ಲ.

"ಅಂದಾಜ ಮಾಡಬ್ಯಾಡ. ಕಂಡಷ್ಟ ಸಾಕು" ಎಂದ.

ಪುಸ್ತಕದಲ್ಲಿ ಆ ಹಡಗಿನ ಹೆಸರಿನ ಜಾಗದಲ್ಲಿ ಎರಡೇ ಅಕ್ಷರಗಳಿವೆ, ಆಚೆ ಈಚೆ ಚುಕ್ಕಿಗಳು. ಕೆಳಗೆ ಸಣ್ಣಗೆ 'ನನ್ನ ತಂಗಿ ಕಂಡಂತೆ' ಎಂದು ಹಾಕಿಸಿದ್ದಾನೆ. ಉಳಿದದ್ದನ್ನು ಅಳಿಸಿದವರು ಯಾರೆಂದು ಅವನು ಬರೆದಿಲ್ಲ. ಅದನ್ನು ನಾನೇ ಇಲ್ಲಿ ಬರೆದಿದ್ದೇನೆ.