ಗುಡ್ಡ ಹತ್ತಿದ ವಿಭೂತಿ ಡಬ್ಬಿ

ನಾಸಿಕ್‌ನಿಂದ ನಾವು ಸಂಭಾಜಿನಗರಕ್ಕೆ ಹೋದದ್ದು ಮೊಮ್ಮಗಳಿಗೆ ನಮ್ಮ ಮೊದಲ ಬಾಡಿಗೆ ಮನೆಯ ಓಣಿ ತೋರಿಸಲೆಂದು. ಹಳೇ ಊರಿನ ಆ ಓಣಿಗಳ ಅಡಿಯಲ್ಲಿ ಕಾಲುವೆಗಳಿವೆ. ಆ ಕಾಲುವೆಯ ನೀರು ಏರಿ ಬರುತ್ತಿದ್ದ ಮೂಲೆಯ ಗೋಪುರ ಇನ್ನೂ ನಿಂತಿದೆ. ಮದುವೆಯಾದ ಹೊಸದರಲ್ಲಿ ಯಜಮಾನರು ಬೆಳಿಗ್ಗೆ ಅದರ ಗೋಡೆಗೆ ಕಿವಿಯಿಟ್ಟು, "ನೀರು ಬಂತು, ಕೊಡ ತಾ" ಎನ್ನುತ್ತಿದ್ದರು. ಈ ಸಲವೂ ಕಿವಿಯಿಟ್ಟರು. ಒಳಗೆ ನೀರಿನ ಸದ್ದಿರಲಿಲ್ಲ. ದೂರದ ಗುಡ್ಡ ನೋಡಿ, "ಬುದ್ಧನ ಗುಡಿಗೆ ಹೋಗೋಣು" ಎಂದರು.

"ಮೆಟ್ಟಲ ಹತ್ತಬ್ಯಾಡ್ರಿ ಅಂತ ಡಾಕ್ಟರ್ ಹೇಳ್ಯಾರ."

"ಸಾವಕಾಶ ಹತ್ತತೀನಿ. ಎದಿನೋವಿನ ಮಾತ್ರಿ ಕಿಸೆದಾಗ ಅವ. ನಿನ್ನ ಮೊಣಕಾಲು ನೀ ನೋಡ್ಕೋ."

ಅವರೊಬ್ಬರೇ ಹತ್ತಿದರು; ಗುಡ್ಡದ ಬುಡದಲ್ಲಿ ನಾನೂ ಮೊಮ್ಮಗಳೂ ಕುಳಿತೆವು. ಕರ್ಚೀಫಿಗೆಂದು ಪರ್ಸಿನಲ್ಲಿ ಕೈಹಾಕಿದಾಗ ಡಬ್ಬಿಯೊಂದು ಗಲಗಲ ಎಂದಿತು. ನಮ್ಮಲ್ಲಿ ಒಂದೇ ಥರದ ಎರಡು ಬೆಳ್ಳಿ ಡಬ್ಬಿಗಳಿವೆ. ಒಂದರಲ್ಲಿ ಮಾತ್ರೆ, ಇನ್ನೊಂದರಲ್ಲಿ, ಪ್ರಯಾಣಕ್ಕೆಂದು ವಿಭೂತಿ ಗಟ್ಟಿ ಕುಟ್ಟಿ ತುಂಬಿದ ಪುಡಿ. ಪುಡಿ ಸದ್ದು ಮಾಡುವುದಿಲ್ಲ. ಮುಚ್ಚಳ ತೆಗೆದೆ. ಮಾತ್ರೆಗಳು! ಓ ಮೈ ಗಾಡ್! ಬೆಳಿಗ್ಗೆ ಗಡಿಬಿಡಿಯಲ್ಲಿ ಅವರ ಕಿಸೆಗೆ ಡಬ್ಬಿ ಹಾಕಿದವಳು ನಾನೇ.

ಅವರಿಗೆ ಮಾಡಿದ ಫೋನ್ ಹತ್ತಲಿಲ್ಲ. "ಅಜ್ಜಿ, ಟೆನ್ಶನ್ ನಕೋ, ಬ್ಯಾಡ" ಎಂದು ಮೊಮ್ಮಗಳು ಡಬ್ಬಿ ಕಸಿದುಕೊಂಡು ಓಡಿದಳು. ನಾನು ಚಿಕ್ಕಂದಿನ ಕಾನ್ವೆಂಟ್ ಶಾಲೆಯ ಸಿಸ್ಟರ್ ಕಲಿಸಿದ ಪ್ರೇಯರ್ ಗೊಣಗತೊಡಗಿದೆ. ಲಿಂಗ ಕಟ್ಟಿಕೊಂಡವಳಿಗೆ ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದು ಅದೇ. ಇಳಿದು ಬಂದ ಹೆಂಗಸೊಬ್ಬಳು, ಮೇಲೆ ಮುದುಕರೊಬ್ಬರು ಎದೆ ಹಿಡಿದು ಕುಳಿತಿದ್ದಾರೆ ಎಂದಳು. ಮೊಣಕಾಲು ಮರೆತು ಮೆಟ್ಟಿಲಿಗೆ ಕಾಲಿಟ್ಟೆ. ಎಷ್ಟು ಹತ್ತಿದೆನೋ.

ತಿರುವಿನಲ್ಲಿ ಕಂಡರು. ಮೊಮ್ಮಗಳ ಭುಜ ಹಿಡಿದು ಇಳಿಯುತ್ತಿದ್ದರು. ಮುಖ ಬಿಳಚಿತ್ತು, ಹಣೆತುಂಬ ವಿಭೂತಿ.

"ಎದಿ ಹಿಡೀತು. ಡಬ್ಬಿ ತೆಗದ್ರ ಬರೇ ಭಸ್ಮ. ಅದನ್ನ ನಾಲಿಗಿ ಕೆಳಗ ಇಡಾಕ ಬರೂದಿಲ್ಲ ಅಂದಮ್ಯಾಲ ಹಣಿಗೆ ಹಚಗೊಂಡು ಬುದ್ಧನ ಮುಂದ ಕೂತೆ. ಅಷ್ಟರಾಗ ಈಕಿ ಬಂದು ಮಾತ್ರಿ ಕೊಟ್ಟಳು."

"ಯೂ ಸ್ಟುಪಿಡ್, ಸ್ಟುಪಿಡ್ ಮ್ಯಾನ್!" ಎಂದೆ. ತಪ್ಪು ನನ್ನದೇ ಆಗಿತ್ತು.

"ಇಂಗ್ಲಿಷ್‌ನಾಗ ಬೈದ್ಲು. ಅಂದ್ರ ನಾ ಬದಕೀನಿ," ಎಂದು ಮೊಮ್ಮಗಳಿಗೆ ಕಣ್ಣು ಹೊಡೆದರು.

ಈಗ ಅವರು ಕೊತ್ತಂಬರಿ ತರಲು ಹೊರಟರೂ ಬಾಗಿಲಲ್ಲಿ ತಡೆಯುತ್ತೇನೆ. ಕಿಸೆಯ ಡಬ್ಬಿ ತೆಗೆದು, ಕಿವಿಗೆ ಹಿಡಿದು ಅಲುಗಿಸುತ್ತೇನೆ. "ಬಂತೇನು ನೀರು?" ಎನ್ನುತ್ತಾರೆ. ಗಲಗಲ ಕೇಳಿದ ಮೇಲೆಯೇ ಚಿಲಕ ತೆಗೆಯುವುದು.