ಓದದೆ ಬರೆದ ಮುನ್ನುಡಿ

ನಾನು ಓದದೆ ಬರೆದೆ. ಈ ಪುಸ್ತಕದ ಮೊದಲ ಮುದ್ರಣದಲ್ಲಿ ನನ್ನ ಹೆಸರಿನಲ್ಲಿ ಅಚ್ಚಾದ ಮುನ್ನುಡಿಯನ್ನು, ಒಳಗಿನ ಒಂದು ಕಥೆಯನ್ನೂ ಓದದೆ ಬರೆದೆ—ಆ ಮುನ್ನುಡಿಯಿಂದಾಗಿ ಒಬ್ಬ ಹೆಂಗಸು ಬಾವಿಯಲ್ಲಿ ಮುಳುಗಿ ಸತ್ತಳು. ಗಾಬರಿಯಾಗಬೇಡಿ, ಸತ್ತದ್ದು ಕಥೆಯೊಳಗೆ. ಆದರೆ ಕಥೆಗೆ ಮೂಲವಾದ ಆ ಹೆಂಗಸು ಹೊರಗೆ ಹೂಟಗಳ್ಳಿಯಲ್ಲಿ ಎಲೆ ಅಡಿಕೆ ಮೆಲ್ಲುತ್ತಾ ಗುಂಡುಕಲ್ಲಿನ ಹಾಗೆ ಕೂತಿದ್ದಾರೆ. ನನ್ನ ಕಷ್ಟ ಶುರುವಾಗುವುದೇ ಅಲ್ಲಿಂದ.

ಮೊದಲು ನಾನು ಯಾರೆಂದು ಹೇಳಬೇಕು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು, ಮನೆ ಲಕ್ಷ್ಮೀಪುರಂನಲ್ಲಿ. ಮೈಸೂರಿನಲ್ಲಿ ಬರೆಯುವವರಿಗೆ ಬರವಿಲ್ಲ ಎಂಬುದು ನಿಮಗೂ ಗೊತ್ತು. ಬ್ಯಾಂಕಿನಿಂದ ನಿವೃತ್ತರಾದವರು ಚುಟುಕ ಬರೆಯುತ್ತಾರೆ, ನನಗೆ ಹಲ್ಲು ಕಟ್ಟಿಸಿಕೊಟ್ಟ ಕುವೆಂಪುನಗರದ ದಂತವೈದ್ಯರು ಗಜಲ್ ಬರೆಯುತ್ತಾರೆ. ನಮ್ಮ ಬೀದಿಯೊಂದರಲ್ಲೇ ಎರಡು ಪ್ರಕಾಶನಗಳಿವೆ, ಎರಡೂ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ. ತಾವೇ ಬರೆದು, ತಾವೇ ಅಚ್ಚು ಹಾಕಿಸಿ, ಸ್ಕೂಟರಿನ ಕಾಲಿಡುವ ಜಾಗದಲ್ಲಿ ಕಟ್ಟು ಇಟ್ಟುಕೊಂಡು ಅಂಗಡಿಗಳಿಗೆ ತಾವೇ ಮುಟ್ಟಿಸಿ ಬರುವ ಈ ಜನರ ಉತ್ಸಾಹ ನನಗೆ ಅಂದೂ ಇಷ್ಟ, ಇಂದೂ ಇಷ್ಟ. ಅಂಥ ಪ್ರತಿ ಪುಸ್ತಕಕ್ಕೂ ಹಿರಿಯರೊಬ್ಬರ ಮುನ್ನುಡಿ ಬೇಕು. ನಮ್ಮೂರಿನಲ್ಲಿ ಮುನ್ನುಡಿಯಿಲ್ಲದ ಪುಸ್ತಕವೆಂದರೆ ಅರಿಶಿನ ಕುಂಕುಮವಿಲ್ಲದ ಮದುವೆಯ ಕರೆಯೋಲೆ. ಹಾಗಾಗಿ ನಾನು 'ಮುನ್ನುಡಿ ಮೇಷ್ಟ್ರು' ಆದೆ.

ಓದುತ್ತಿದ್ದೆನೆ? ಮೊದಮೊದಲು ಓದುತ್ತಿದ್ದೆ. ಆಮೇಲೆ—ಹೇಗೆ ಹೇಳಲಿ—ಕೈ ಪಳಗಿತು. ಪರಿವಿಡಿ ನೋಡುವುದು, ನಡುವೆ ಎಲ್ಲೋ ಒಂದು ಪುಟ ತೆರೆದು ಮೂಸುವುದು, ಲೇಖಕರ ಊರು ಉದ್ಯೋಗ ವಿಚಾರಿಸುವುದು. ಅಷ್ಟರಲ್ಲಿ 'ಮಣ್ಣಿನ ವಾಸನೆ', 'ದಟ್ಟ ಜೀವನಾನುಭವ', 'ಇವರ ಲೇಖನಿಯಿಂದ ಇನ್ನಷ್ಟು ಕೃತಿಗಳು ಹೊರಬರಲಿ' ಎಲ್ಲ ತಾವಾಗಿಯೇ ಸಾಲುಗಟ್ಟಿ ಬರುತ್ತಿದ್ದವು. "ಹಾಡಿದ್ದೇ ಹಾಡೋ ಕಿಸಬಾಯಿ ದಾಸ" ಎಂದು ನನ್ನ ಹೆಂಡತಿ ಶಾರದೆ ಅಡುಗೆಮನೆಯಿಂದಲೇ ಅನ್ನುತ್ತಿದ್ದಳು. ಮುನ್ನುಡಿಯನ್ನು ಯಾರು ತಾನೆ ಓದುತ್ತಾರೆ ಎಂಬ ಧೈರ್ಯ ನನಗೆ. ಒಬ್ಬರಂತೂ ಓದುತ್ತಾರೆ, ಕಣ್ಣಿಗೊತ್ತಿಕೊಂಡು ಓದುತ್ತಾರೆ—ಪುಸ್ತಕ ಬರೆದವರು. ಅದನ್ನು ನಾನು ಮರೆತಿದ್ದೆ.

ಚಂದ್ರಕಲಾ ನಮ್ಮ ಮನೆಗೆ ಬಂದದ್ದು ಒಂದು ಭಾನುವಾರ. ಹೂಟಗಳ್ಳಿಯವರು, ಅಲ್ಲಿಯದೇ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಕೆಲಸ. ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕೂತು, ಬೆರಳಚ್ಚಿನ ಹಾಳೆಗಳ ಕಟ್ಟನ್ನು ಎರಡೂ ಕೈಯಲ್ಲಿ ಕೊಟ್ಟರು. ಮೊದಲ ಕಥಾಸಂಕಲನ. ಯಾರ ಬಾಗಿಲಿಗೂ ಅಲೆಯದೆ ತಾವೇ ಪ್ರಕಾಶನ ತೆರೆದಿದ್ದರು. ಹೆಸರು 'ದೊಡ್ಡಮ್ಮ ಪ್ರಕಾಶನ'. ತಾಯಿಯಿಲ್ಲದ ತಮ್ಮನ್ನು ಸಾಕಿ ಬೆಳೆಸಿದ ದೊಡ್ಡಮ್ಮನ ನೆನಪಿಗೆ, ಎಂದರು. 'ನೆನಪಿಗೆ' ಎಂದ ಕೂಡಲೇ ಆ ದೊಡ್ಡಮ್ಮ ತೀರಿಕೊಂಡಿದ್ದಾರೆ ಎಂದು ನಾನೇ ತೀರ್ಮಾನಿಸಿಬಿಟ್ಟೆ. ಕೇಳಲಿಲ್ಲ.

"ನಿಧಾನವಾಗಿ ಓದಿ ಸಾರ್, ಅವಸರ ಏನಿಲ್ಲ" ಎಂದು ಹೇಳಿ ಹೋದರು. ಆ ವಾರವೆಲ್ಲ ಕಟ್ಟು ಊಟದ ಮೇಜಿನ ಮೇಲಿತ್ತು. ಶಾರದೆ ಸಾರು ಕುದಿಯಲಿಕ್ಕಿಟ್ಟು ಒಂದೊಂದೇ ಹಾಳೆ ಎತ್ತಿಕೊಂಡು ಓದುತ್ತಿದ್ದಳು. ಒಂದು ದಿನ ಒಬ್ಬಳೇ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. ಯಾಕೆ ನಗುತ್ತೀಯ ಎಂದು ಕೇಳಿದ್ದರೆ ಸಾಕಿತ್ತು—ಕೇಳಲಿಲ್ಲ. ನಾನು ಪರಿವಿಡಿ ನೋಡಿದೆ. ಮೂರನೆಯ ಕಥೆ 'ದೊಡ್ಡಮ್ಮನ ಬಾವಿ'. ಕಥೆಯ ಹೆಸರಿನಲ್ಲಿ ಹೆಂಗಸೂ ಇದ್ದಾಳೆ, ಬಾವಿಯೂ ಇದೆ. ಮೇಲೆ ದೊಡ್ಡಮ್ಮನ ನೆನಪು ಬೇರೆ. ಇನ್ನು ಓದುವುದೇನು ಬಂತು? ಬರೆದೆ: 'ತಲೆಮಾರುಗಳ ಮೌನವನ್ನು ಒಡಲಲ್ಲಿಟ್ಟುಕೊಂಡ ಆ ಬಾವಿ ಕೊನೆಗೆ ದೊಡ್ಡಮ್ಮನನ್ನೇ ನುಂಗುವಾಗ ಓದುಗನ ಎದೆ ನಡುಗುತ್ತದೆ.' ಬರೆದು ನಾನೇ ಮೆಚ್ಚಿಕೊಂಡೆ. ಎರಡು ಸಲ ಗಟ್ಟಿಯಾಗಿ ಓದಿಕೊಂಡೆ ಕೂಡ.

ಚಂದ್ರಕಲಾ ಮುನ್ನುಡಿಯನ್ನು ನಮ್ಮ ಜಗುಲಿಯಲ್ಲಿ ನಿಂತೇ ಓದಿದರು. ಆ ಸಾಲಿಗೆ ಬಂದಾಗ ಕಣ್ಣು ನಿಂತಿತು. ಹಾಳೆ ತಿರುಗಿಸಿದರು, ಮತ್ತೆ ಹಿಂದಕ್ಕೆ ಬಂದರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು:

"ಸಾರ್, ಕಥೆ ಕೊನೆ… ನಿಮ್ಗೆ ಹಂಗ್ ಕಾಣಿಸ್ತಾ?"

ಅವರ ದನಿಯಲ್ಲಿ ದೂರು ಇರಲಿಲ್ಲ, ತಪ್ಪು ತಮ್ಮದೇ ಇರಬೇಕು ಎಂಬ ಅಂಜಿಕೆ ಇತ್ತು. ಏನೋ ಎಡವಟ್ಟಾಗಿದೆ ಎಂದು ನನಗೆ ಆ ಕ್ಷಣಕ್ಕೇ ಹೊಳೆಯಿತು. 'ಓದಿಲ್ಲಮ್ಮ, ಕ್ಷಮಿಸು, ಕೊಡು ಇಲ್ಲಿ' ಎನ್ನಲು ಬೇಕಾದದ್ದು ಒಂದು ಉಸಿರು. ನಾನು ಏನೆಂದೆ ಗೊತ್ತೆ? ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಾ—

"ಬರೆದವರಿಗಿಂತ ಕಥೆಗೇ ಹೆಚ್ಚು ಗೊತ್ತಿರುತ್ತೆ ಕಣಮ್ಮ" ಎಂದೆ.

ಈ ಮಾತಿಗೆ ಏನರ್ಥವೋ ನನಗೆ ಇಂದಿಗೂ ತಿಳಿಯದು. ಚಂದ್ರಕಲಾ ತಲೆಯಾಡಿಸಿ, ಹೆಲ್ಮೆಟ್ ಹಾಕಿಕೊಂಡು ಹೋದರು.

ಬಿಡುಗಡೆ ಒಂದು ಭಾನುವಾರದ ಬೆಳಿಗ್ಗೆ ಬಡಾವಣೆಯ ಸಣ್ಣ ಸಭಾಂಗಣದಲ್ಲಿ. ಉಪ್ಪಿಟ್ಟು ಕೇಸರಿಬಾತು ಮುಗಿದು, ನನಗೆ ಪೇಟ ತೊಡಿಸಿ ಶಾಲು ಹೊದಿಸಿ ಆಯಿತು. ಚಂದ್ರಕಲಾ ಮೈಕಿನ ಮುಂದೆ ನಿಂತು, "ಮುನ್ನುಡಿ ಓದಿದ್ಮೇಲೇ ನನ್ನ ಕಥೆ ನಂಗೆ ಅರ್ಥ ಆಗಿದ್ದು, ಕೊನೆ ತಿದ್ಕೊಂಡೆ" ಎಂದಾಗ ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಆ ಕೊನೆಯನ್ನು ಓದಿದರು. ದೊಡ್ಡಮ್ಮ ಬಾವಿಯ ಕಟ್ಟೆ ಹತ್ತಿ, ಒಮ್ಮೆ ಹಿಂದಿರುಗಿ ನೋಡಿ, ಹಾರಿಕೊಂಡಳು. ಸಭೆಯ ಮುಂದಿನ ಸಾಲಿನಲ್ಲಿ ಹೊಸ ಸೀರೆಯುಟ್ಟ ಒಬ್ಬ ಮುದುಕಿ ಆಚೀಚೆಯವರ ಮುಖ ನೋಡುತ್ತಿದ್ದರು, ಯಾರೋ ತಪ್ಪು ವಿಳಾಸಕ್ಕೆ ಬಂದಿದ್ದಾರೆ ಎನ್ನುವ ಹಾಗೆ.

ಕೆಳಗಿಳಿದು ಬಂದಾಗ ಶಾರದೆ ನನ್ನ ತೋಳು ಹಿಡಿದು ಪಿಸುಗುಟ್ಟಿದಳು. "ಏನ್ರೀ ಇದು? ಆಯಮ್ಮ ಯಾಕ್ರೀ ಸತ್ರು? ಅವರು ಈಜು ಕಲಿತ್ರಲ್ಲ!"

"ಯಾರು ಈಜು ಕಲಿತದ್ದು?"

ಅವಳು ನನ್ನ ಮುಖವನ್ನೇ ನೋಡಿದಳು. ಮೂವತ್ತು ಚಿಲ್ಲರೆ ವರ್ಷದ ಸಂಸಾರ—ವಿವರಿಸುವ ಅಗತ್ಯ ಬೀಳಲಿಲ್ಲ. ಅಷ್ಟರಲ್ಲಿ ಚಂದ್ರಕಲಾ ಆ ಮುದುಕಿಯ ಕೈ ಹಿಡಿದು ಕರೆತಂದು, "ಇವ್ರೇ ಸಾರ್ ನಮ್ ದೊಡ್ಡಮ್ಮ" ಎಂದರು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಪೇಟ ಮುಟ್ಟಿಕೊಂಡೆ. ದೊಡ್ಡಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೈ ಮುಗಿದರು.

ಮನೆಗೆ ಹೋದವನೇ ನಮ್ಮಲ್ಲೇ ಉಳಿದಿದ್ದ ಹಾಳೆಗಳ ಕಟ್ಟು ಬಿಚ್ಚಿ ಮೂರನೆಯ ಕಥೆ ಓದಿದೆ. ಹೊಸದಾಗಿ ಮದುವೆಯಾಗಿ ಬಂದ ಸೊಸೆಯ ಹಿತ್ತಾಳೆ ಬಿಂದಿಗೆ ಮತ್ತೆ ಮತ್ತೆ ಬಾವಿಗೆ ಜಾರುತ್ತದೆ. ಎತ್ತಿಕೊಡು ಎಂದು ಪ್ರತಿ ಸಲವೂ ಮೈದುನನನ್ನು ಗೋಗರೆಯಬೇಕು, ಅವನ ಕೊಂಕು ಕೇಳಬೇಕು. ಒಂದು ದಿನ ರೋಸಿಹೋಗಿ, ಗಂಡಸರು ಹೊಲಕ್ಕೆ ಹೋದ ಮೇಲೆ ತೇಲಲೆಂದು ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು, ಓರಗಿತ್ತಿಯ ಕೈಗೆ ಹಗ್ಗ ಕೊಟ್ಟು ನೀರಿಗಿಳಿಯುತ್ತಾಳೆ. ಕೊನೆಗೆ ಊರೆಲ್ಲ ನೋಡುವಾಗ ಮುಳುಗಿ ಬಿಂದಿಗೆಯ ಸಮೇತ ಏಳುತ್ತಾಳೆ; ಮರುದಿನ ಕೇರಿಯ ಸೊಸೆಯರೆಲ್ಲ ಬಾವಿ ಕಟ್ಟೆಯ ಮೇಲೆ, "ನಮ್ಗೂ ಹೇಳ್ಕೊಡಕ್ಕ" ಎನ್ನುತ್ತಾ. ನಾನು ನಕ್ಕೆ. ನಕ್ಕು ನಕ್ಕು, ಆಮೇಲೆ ಸುಮ್ಮನಾದೆ. ಅಷ್ಟೊಂದು ಮುನ್ನುಡಿ ಬರೆದ ನನಗೆ ಅಂಥ ಕಥೆ ಕೈಗೆ ಸಿಕ್ಕಿದ್ದೇ ಅಪರೂಪ, ಸಿಕ್ಕಿದ್ದನ್ನು ನಾನು ಕೆಡಿಸಿದ್ದೆ.

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಪುಸ್ತಕಕ್ಕೆ ಒಳ್ಳೆಯ ಹೆಸರು ಬಂತು—ವಿಮರ್ಶೆ ಬರೆದವರೆಲ್ಲ ಬಾವಿಯ ಮೌನವನ್ನೇ ಹೊಗಳಿದರು, ನನ್ನ ಸಾಲನ್ನೇ ಎತ್ತಿ ಬರೆದರು—ಹೀಗಿರುವಾಗ ಯಾಕೆ ಕೆದಕುವುದು ಎಂದುಕೊಂಡೆ. ನಾಲ್ಕೈದು ವರ್ಷ ಕಳೆದು ಎರಡನೆಯ ಸಂಕಲನ ಬಂತು. ಅದಕ್ಕೂ ಮುನ್ನುಡಿ ನನ್ನದೇ; ಈ ಬಾರಿ ಹೆದರಿ ಒಂದೊಂದು ಅಕ್ಷರವನ್ನೂ ಓದಿದೆ. ಕಥೆಗೊಬ್ಬ ಹೆಂಗಸು, ಕಥೆಗೊಂದು ಸಾವು. ಒಬ್ಬಳು ಹಗ್ಗ, ಒಬ್ಬಳು ಬೆಂಕಿ, ಒಬ್ಬಳು ಸುಮ್ಮನೆ ಕೊರಗಿ. ಶಾರದೆಯೂ ಓದಿದಳು, ಕನ್ನಡಕ ತೆಗೆದಿಟ್ಟು ಹೇಳಿದಳು: "ಈ ಹುಡುಗಿ ಎಷ್ಟು ಚೆನ್ನಾಗಿ ನಗಿಸ್ತಿದ್ಲು ಕಣ್ರೀ."

ಆ ಮಾತು ಬಿಸಿ ತುಪ್ಪದ ಹಾಗೆ ಗಂಟಲಲ್ಲಿ ಉಳಿಯಿತು. ಆದರೂ ಸುಮ್ಮನಿದ್ದೆ. ಈ ವರ್ಷ ಮೊದಲ ಪುಸ್ತಕದ ಪ್ರತಿಗಳು ಮುಗಿದು, ಚಂದ್ರಕಲಾ ಫೋನು ಮಾಡಿ "ಎರಡ್ನೇ ಮುದ್ರಣಕ್ಕೆ ನಾಲ್ಕು ಸಾಲು ಸೇರಿಸಿಕೊಡಿ ಸಾರ್" ಎಂದಾಗ, ಫೋನಿನಲ್ಲಿ ಹೇಳುವ ಮಾತಲ್ಲ ಎನಿಸಿತು. ಹಾಳೆಗಳ ಕಟ್ಟನ್ನು ಚೀಲಕ್ಕೆ ಹಾಕಿ, ಶಾರದೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೂಟಗಳ್ಳಿಗೆ ಹೊರಟೆ. "ನಾನ್ಯಾಕ್ರೀ?" ಎಂದಳು. "ನಾನು ದಾರೀಲಿ ವಾಪಸ್ ತಿರುಗದ ಹಾಗೆ ನೋಡ್ಕೊಳ್ಳೋಕೆ" ಎಂದೆ.

ಕಾಫಿ ಬರುವ ಮೊದಲೇ ಹೇಳಿಬಿಟ್ಟೆ. ಓದಿರಲಿಲ್ಲ ಎಂದು. ಬಾವಿ ಎಂದ ಕೂಡಲೇ ಸಾವು ಎಂದುಕೊಂಡೆ ಎಂದು. ನೀವು ಜಗುಲಿಯಲ್ಲಿ ಕೇಳಿದಾಗ ಗೊತ್ತಿದ್ದೂ ಮರ್ಯಾದೆಗೆ ಅಂಜಿ ಮುಚ್ಚಿಟ್ಟೆ ಎಂದು.

ಚಂದ್ರಕಲಾ ಒಮ್ಮೆ ದೊಡ್ಡಮ್ಮನ ಕಡೆ ನೋಡಿದರು. ಆಮೇಲೆ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ನಮ್ ದೊಡ್ಡಮ್ಮಂಗೆ ಓದಕ್ಕೆ ಬರಲ್ಲ ಸಾರ್. ನಾನು ಏನ್ ಬರೆದ್ರೂ ಕೂರಿಸ್ಕೊಂಡು ಓದಿ ಹೇಳ್ತಿದ್ದೆ. ಆ ಬಿಡುಗಡೆ ಆದ್ಮೇಲೆ ಅವರು ಒಂದಿನಾನೂ 'ಏನ್ ಬರ್ದೆ, ಓದು' ಅಂತ ಕೇಳ್ಲಿಲ್ಲ. ನಾನು ಬಾಳ ದೊಡ್ಡ ಲೇಖಕಿ ಆಗ್ಬುಟ್ಟೆ, ಅದಕ್ಕೇ ಅವರಿಗೆ ತಿಳೀತಿಲ್ಲ ಅನ್ಕೊಂಡಿದ್ದೆ."

ಎದುರಿನ ಗೋಡೆಗೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ದೊಡ್ಡಮ್ಮ ತಲೆಯೆತ್ತದೆಯೇ ಅಂದರು:

"ನಂಗೆ ಈಜು ಬತ್ತದಲ್ಲ ಮೇಷ್ಟ್ರೇ. ಬಾವಿಗ್ ಬಿದ್ರೆ ನಾನೆಂಗ್ ಸಾಯ್ಲಿ?"

ಮೊದಲು ನಕ್ಕವಳು ಶಾರದೆ. ಆಮೇಲೆ ಚಂದ್ರಕಲಾ—ಅಳುತ್ತಲೇ ನಕ್ಕರು. ಇಷ್ಟು ವರ್ಷ ಯಾವ ವಿಮರ್ಶಕನೂ ಕೇಳದ ಪ್ರಶ್ನೆ ಅದು. ದೊಡ್ಡಮ್ಮನಿಗೆ ಮಾತ್ರ ನಗು ಬರಲಿಲ್ಲ. ಆ ಬಾವಿ ಈಗಿಲ್ಲವಂತೆ. ಹೊಲವೆಲ್ಲ ಸೈಟಾದಾಗ ಮಣ್ಣು ತುಂಬಿ ಮುಚ್ಚಿದರು, ಮೇಲೆ ಯಾರದೋ ಮೂರಂತಸ್ತಿನ ಮನೆ. "ಪುಸ್ತಕದಾಗಾದ್ರೂ ಇರ್ಲಿ ಅಂತ ಮಗೀಗೆ ನಾನೇ ಹೇಳಿದ್ದು. ಅಲ್ಲೂ ಮುಳುಗ್ಸ್‌ಬುಟ್ರಿ" ಎಂದರು.

ತಿದ್ದಿದ ಕೊನೆಯೇ ಚಂದ್ರಕಲಾ ಅವರ ಕಂಪ್ಯೂಟರಿನಲ್ಲೂ ಉಳಿದು ಹಳೆಯದು ಅಳಿಸಿಹೋಗಿತ್ತು. ನಾನು ಚೀಲದಿಂದ ಕಟ್ಟು ತೆಗೆದು ಮುಂದಿಟ್ಟೆ. ದೊಡ್ಡಮ್ಮ ಅದನ್ನು ಚಂದ್ರಕಲಾ ಕಡೆಗೆ ಹೋಗಗೊಡದೆ ನನ್ನ ಕಡೆಗೇ ತಳ್ಳಿದರು. "ಓದ್ದೆ ಬರ್ದೋರು ನೀವು. ನೀವೇ ಓದಿ."

ಓದಿದೆ. ಬುರುಡೆ ಕಟ್ಟುವ ಜಾಗಕ್ಕೆ ಬಂದಾಗ ದೊಡ್ಡಮ್ಮ ತಡೆದರು. "ಸೊಂಟುಕ್ಕಲ್ಲ, ಬೆನ್ಗೆ. ಸೊಂಟುಕ್ ಕಟ್ಟಿದ್ರೆ ಬುಡಮೇಲಾಯ್ತಿದ್ದೆ." ಚಂದ್ರಕಲಾ ಪೆನ್ನು ಹುಡುಕಿಕೊಂಡು ತಿದ್ದಿದರು. ಮೈದುನನ ಕೊಂಕು ಸಾಲದೆಂದು ಇನ್ನೆರಡು ಕೊಂಕು ಸೇರಿಸಿದರು ದೊಡ್ಡಮ್ಮ—ಒಂದು ಅಚ್ಚಿಗೆ ಯೋಗ್ಯವಾಗಿತ್ತು. ಬಿಂದಿಗೆ ನೀರಿನಿಂದ ಮೇಲೆ ಬಂದಾಗ ಅವರು ಎಲೆ ಮೆಲ್ಲುವುದನ್ನು ನಿಲ್ಲಿಸಿದ್ದರು. ಮುಗಿದ ಮೇಲೆ, "ಮಗಾ, ಆಮೇಕೆ ಇನ್ನೇನೇನ್ ಬರ್ದೆ?" ಎಂದು ಚಂದ್ರಕಲಾ ಅವರನ್ನು ಕೇಳಿದರು. ಚಂದ್ರಕಲಾ ತಮ್ಮ ಎರಡನೆಯ ಪುಸ್ತಕವಿದ್ದ ಕಪಾಟಿನ ಕಡೆ ನೋಡಿದರು, ತೆಗೆಯಲಿಲ್ಲ. "ಬರೀತೀನಿ ದೊಡ್ಡಮ್ಮ" ಎಂದರು.

ಆ ಎರಡನೆಯ ಪುಸ್ತಕದ ಹೆಂಗಸರನ್ನು ಬದುಕಿಸುವುದು ನನ್ನ ಕೈಯಲ್ಲಿಲ್ಲ. ನಗಿಸಬಹುದಾಗಿದ್ದ ಒಬ್ಬರ ಅಷ್ಟು ವರ್ಷಗಳನ್ನು ನಾನು ಹಿಂದಿರುಗಿಸಲಾರೆ. ಕ್ಷಮಿಸಿದಿರಾ ಎಂದು ಕೇಳಲೂ ಇಲ್ಲ. ಕೇಳಿ ಅವರನ್ನು ಇನ್ನೊಂದು ದಾಕ್ಷಿಣ್ಯಕ್ಕೆ ಸಿಕ್ಕಿಸುವುದು ಬೇಡವಾಗಿತ್ತು. ಗೇಟಿನ ಬಳಿ ಚಂದ್ರಕಲಾ ಹೇಳಿದ್ದು ಇಷ್ಟು: "ಈವತ್ತು ಹೇಳಿದ್ದನ್ನೇ ಬರ್ಕೊಡಿ ಸಾರ್, ಅದೇ ಈ ಮುದ್ರಣದ ಮುನ್ನುಡಿ. ಇನ್ಮುಂದಿನ ಪುಸ್ತಕಕ್ಕೆ ನಿಮ್ಮ ಮುನ್ನುಡಿ ಬೇಡ. ನೀವು ಸುಮ್ನೆ ಓದಿ, ಸಾಕು."

ಒಪ್ಪಿಕೊಂಡೆ. ಹಳೆಯ ಮುನ್ನುಡಿಯನ್ನು ಹಿಂದಕ್ಕೆ ಪಡೆದಿದ್ದೇನೆ. ನನ್ನಿಂದ ಮುನ್ನುಡಿ ಬರೆಸಿಕೊಂಡ ಉಳಿದ ಲೇಖಕರ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿ ಒಂದೊಂದಾಗಿ ಓದುತ್ತಿದ್ದೇನೆ. ದಂತವೈದ್ಯರ ಗಜಲುಗಳು ನಡೆಯುತ್ತಿವೆ, ಚೆನ್ನಾಗಿವೆ. ನೀವು ಇಲ್ಲಿ ಇನ್ನು ನಿಲ್ಲಬೇಡಿ. ಮೂರನೆಯ ಕಥೆಗೆ ಹೋಗಿ. ಆ ಬಾವಿ ಈಗ ಇರುವುದು ಅಲ್ಲೊಂದೇ ಕಡೆ, ಮತ್ತು ಅದರಲ್ಲಿ ಯಾರೂ ಮುಳುಗುವುದಿಲ್ಲ. ಓದಿಯೇ ಹೇಳುತ್ತಿದ್ದೇನೆ.